ಹತ್ತು ಅಂಕದ ಪ್ರಶ್ನೆ

ಹಿಂದುಳಿದ ದೇಶಗಳ ಬಡತನಕ್ಕೂ
ಕುಂಟುತ್ತ ಸಾಗುವ ಬೆಳವಣಿಗೆಗೂ ಕಾರಣಗಳನ್ನು ವಿವರಿಸಿ.
ಹತ್ತು ಅಂಕ.

ಶಿವಮೊಗ್ಗದ ಮೇ ತಿಂಗಳು. ಮೌಲ್ಯಮಾಪನದ ಹಾಲಿನಲ್ಲಿ
ಫ್ಯಾನು ನಾಲ್ಕು, ತಿರುಗುವುದು ಎರಡು.
ಕಟ್ಟು ಬಿಚ್ಚಿದರೆ ಕೈಬರಹ ನೂರು, ಕಾರಣ ಅವೇ:
ಬಂಡವಾಳದ ಕೊರತೆ, ಜನಸಂಖ್ಯಾ ಸ್ಫೋಟ,
ಅನಕ್ಷರತೆ, ಮೂಢನಂಬಿಕೆ, ಸೋಮಾರಿತನ.
ಗೈಡಿನ ಅಚ್ಚಿನ ದೋಷವೂ ಹಾಗೇ ಇಳಿದಿದೆ,
ಬಡತನದ ವಿಷವರ್ತುಲ ಎಲ್ಲರಲ್ಲೂ 'ವಿಷಯವರ್ತುಲ'.
ನಗಲಾರೆ. ಅದೇ ಗೈಡು ನೋಡಿ ಬರೆಸುವವನು ನಾನೂ.

ಪ್ರತಿಗೆ ಹದಿನೆಂಟು ರೂಪಾಯಿ.
ಬರದ ಐದು ತಿಂಗಳ ಸಂಬಳವನ್ನು
ಹದಿನೆಂಟರಿಂದ ಭಾಗಿಸುತ್ತ ಟಿಕ್ ಹಾಕುತ್ತೇನೆ.
ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ.

ಇಪ್ಪತ್ತಾರನೇ ಪ್ರತಿಯಲ್ಲಿ ಪೀಠಿಕೆ ಇಲ್ಲ.

"ಬಂಡವಾಳದ ಕೊರತೆ ಅಂತ ಪುಸ್ತಕದಲ್ಲಿದೆ.
ನಮ್ಮ ಮನೆಗೆ ಬಂಡವಾಳ ದಿನಾ ಬರುತ್ತದೆ,
ಬೆಳಿಗ್ಗೆ ಐದೂವರೆಗೆ, ಬೈಕಿನಲ್ಲಿ.
ಒಂಬೈನೂರು ಕೊಟ್ಟು ಹೋಗುತ್ತದೆ,
ಸಂಜೆ ಬಂದು ಸಾವಿರ ಕೇಳುತ್ತದೆ.
ನಮ್ಮ ತಾಯಿ ಪಳನಿಯಮ್ಮ ಆ ದುಡ್ಡಲ್ಲಿ ಸೊಪ್ಪು ತಂದು
ಭದ್ರಾವತಿ ಹಳೇ ಸೇತುವೆ ಹತ್ತಿರ ಮಾರುತ್ತಾರೆ.
ಮಧ್ಯಾಹ್ನಕ್ಕೆ ಸೊಪ್ಪು ಬಾಡುತ್ತದೆ. ಬಡ್ಡಿ ಬಾಡುವುದಿಲ್ಲ.
ಬ್ಯಾಂಕಿನವರು ಮನೆಯ ಹಕ್ಕುಪತ್ರ ಕೇಳಿದರು.
ಮನೆ ಇರುವುದು ಕಾಗದದ ಕಾರ್ಖಾನೆಯ ಜಾಗದಲ್ಲಿ.
ತಾಲ್ಲೂಕು ಆಫೀಸಿನಲ್ಲಿ ವಿಚಾರಿಸಿದರೆ
ಕಾರ್ಖಾನೆಯನ್ನು ಕೇಳಿ ಅಂದರು.
ಕಾರ್ಖಾನೆಯಲ್ಲಿ ಈಗ ಒಬ್ಬ ವಾಚ್‌ಮನ್ ಇದ್ದಾನೆ.
ಒಳ್ಳೆಯವನು. ಅವನಿಗೂ ಗೊತ್ತಿಲ್ಲ.

ಸೋಮಾರಿತನವೂ ಕಾರಣ ಅಂತ ಸರ್ ಬರೆಸಿದ್ದರು.
ನಮ್ಮ ಅಪ್ಪ ಸೋಮಾರಿ ಹೌದು, ಗೇಟು ಮುಚ್ಚಿದ ಮೇಲೆ.
ಈಗಲೂ ಕೆಲವು ರಾತ್ರಿ ಒಂಬತ್ತೂವರೆಗೆ
ಮೂರನೇ ಪಾಳಿಗೆ ಹೊತ್ತಾಯಿತೆಂದು ಬೂಟು ಹುಡುಕುತ್ತಾರೆ.
ಇದು ಯಾವ ಪಾಯಿಂಟಿನಲ್ಲಿ ಬರುತ್ತದೋ ತಿಳಿಯದು."

ಕೆಂಪು ಪೆನ್ನು ಕೆಳಗಿಟ್ಟೆ.
ನನ್ನ ಅಪ್ಪನೂ ಅಲ್ಲೇ, ಪಲ್ಪ್ ಸೆಕ್ಷನ್ನಿನಲ್ಲಿ.
ಅಂಗಿ ಬಿಚ್ಚಿದರೆ ಕೊಳೆತ ಮೊಟ್ಟೆಯ ನಾತ;
ಊರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದ ಆ ಗಾಳಿ
ನಮ್ಮ ಮನೆಯಲ್ಲಿ ಸಂಬಳದ ಗಾಳಿ.
ಅದು ಬೀಸುವವರೆಗೆ ಮೀನಿತ್ತು, ಹೊಸ ನೋಟ್‌ಬುಕ್ಕಿತ್ತು,
ಅಕ್ಕನಿಗೆ ಟೈಪಿಂಗ್ ಕ್ಲಾಸಿತ್ತು.

ಉತ್ತರಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ತೆಳು. ಹಿಂದಿನ ಪುಟದ ಅಕ್ಷರ ಮುಂದಕ್ಕೆ ಮೂಡಿದೆ.
ಎಲ್ಲಿಯ ಕಾಗದವೋ, ನಮ್ಮದಲ್ಲ.
ನಮ್ಮ ಗುಡ್ಡದ ಅಕೇಸಿಯಾ ಲಾರಿ ಹತ್ತುತ್ತಲೇ ಇದೆ,
ಹೋಗುವಾಗ ಟನ್ನಿನ ಲೆಕ್ಕ,
ಹಾಳೆಯಾಗಿ ಮರಳಿ ಬರುವಾಗ ದಸ್ತಿನ ಲೆಕ್ಕ.
ನಡುವಿನ ವ್ಯತ್ಯಾಸದಲ್ಲಿ ಯಾವುದೋ ಊರು ಬದುಕುತ್ತಿರಬೇಕು.
ಬದುಕಲಿ.

"ಹಾಲಸ್ವಾಮಿ ಸರ್, ಇದನ್ನೊಮ್ಮೆ ನೋಡಿ."
ಮುಖ್ಯ ಮೌಲ್ಯಮಾಪಕರು ಕನ್ನಡಕ ಏರಿಸಿದರು.
ಪೂರ್ತಿ ಓದಿದರು, ಅದನ್ನು ಹೇಳಲೇಬೇಕು.
"ಚೆನ್ನಾಗಿದೆ ಕಣ್ರೀ. ಆದರೆ ಸ್ಕೀಮಿನಲ್ಲಿ ಆರು ಅಂಶ,
ಇಲ್ಲಿ ಅಂಶ ಎಲ್ಲಿದೆ? ಸಾಲದ್ದಕ್ಕೆ ಹೆಸರು ಬೇರೆ ಬರೆದಿದ್ದಾಳೆ,
ಗುರುತು ಬಿಟ್ಟುಕೊಟ್ಟಂತೆ. ಕೇಸಾಗುತ್ತದೆ."
"ಅವಳ ಹೆಸರಲ್ಲ ಸರ್, ತಾಯಿಯದು."
"ಹಾಗಿದ್ದರೆ ಎರಡು ಕೊಡಿ."
ಹತ್ತು ಹೆಜ್ಜೆ ಹೋಗಿ ತಿರುಗಿದರು. "ಮೂರು."

ಮೂರು ಬರೆದೆ. ಅಂಕೆಯ ಮೂರನ್ನು ಎಂಟು ಮಾಡುವುದು
ಎರಡು ಗೀರಿನ ಕೆಲಸ.
ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಬೇಕು, ಅಲ್ಲಿ ಸಾಗದು.

ಅಂಚಿನ ಸಾಲು ಕಣ್ಣಿಗೆ ಬಿದ್ದಿದ್ದು ಆಮೇಲೆ:
"ಸಮಯ ಸಾಲಲಿಲ್ಲ. ಬಸ್ಸು ತಡವಾಗಿ ಬಂತು. ಇದೂ ಒಂದು ಕಾರಣ."

ಉಳಿದ ಖಾಲಿ ಪುಟಗಳಿಗೆ ನಿಯಮದಂತೆ ಅಡ್ಡಗೆರೆ ಎಳೆದೆ.
ಒಂಬತ್ತು ಪುಟ.
ಇಪ್ಪತ್ತೇಳನೇ ಪ್ರತಿ. ಪೀಠಿಕೆ ಇದೆ. ವಿಷಯವರ್ತುಲ ಇದೆ.
ಆರೂ ಅಂಶ ಇದೆ, ಕೆಳಗೆ ಸ್ಕೇಲಿನಲ್ಲಿ ಗೆರೆ ಎಳೆದಿದ್ದಾನೆ.
ಒಂಬತ್ತು ಕೊಟ್ಟೆ.